ಉಸ್ತಾದರ ಮರ, ನನ್ನ ಮರ

ನಾವು ಸನತ್‌ನಗರದ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಮೂರು ಗಂಟೆಯ ನಂತರ ಮುಂದಿನ ಕೋಣೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಮನೆಯ ಮುಖ ಪಶ್ಚಿಮಕ್ಕಿತ್ತು. ಎದುರಿಗೆ ಸಣ್ಣ ರಸ್ತೆ, ಅದರಾಚೆ ಯಾವುದೋ ಕಾರ್ಖಾನೆಯ ಉದ್ದನೆಯ ಗೋಡೆ. ಆ ಗೋಡೆಯ ಮೇಲಿಂದ ಇಳಿದ ಬಿಸಿಲು ನೇರವಾಗಿ ನಮ್ಮ ಬಾಗಿಲಿಗೆ ಬರುತ್ತಿತ್ತು. ಸಂಜೆ ಏಳಾದರೂ ನಮ್ಮ ಮನೆಯ ಗೋಡೆ ಮುಟ್ಟಿದರೆ ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು.

ಪಕ್ಕದ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಎರಡಕ್ಕೂ ಮುಂದೆ ಒಂದಿಷ್ಟು ಮಣ್ಣಿನ ಜಾಗ, ನಡುವೆ ಸೊಂಟದೆತ್ತರದ ಗೋಡೆ. ಅಲ್ಲಿ ಇದ್ದವರು ನನ್ನ ಗಂಡನ ಉಸ್ತಾದರು ಮತ್ತು ಅವರ ಹೆಂಡತಿ. ನನ್ನ ಗಂಡ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಕಬ್ಬಿಣ ಕರಗಿಸಿ ನೀರಿನ ವಾಲ್ವುಗಳನ್ನು ಎರಕ ಹೊಯ್ಯುವ ಜಾಗ ಅದು. ಉಸ್ತಾದರು ಅಲ್ಲೇ ಫೋರ್‌ಮನ್ ಆಗಿ ನಿವೃತ್ತರಾದವರು. ರಾಯಚೂರಿನಿಂದ ಬಂದ ನನ್ನ ಗಂಡನಿಗೆ ಕೆಲಸ ಕಲಿಸಿದ್ದು ಅವರು, ಈ ಮನೆ ಖಾಲಿಯಿದೆ ಎಂದು ಹೇಳಿ ಕೊಡಿಸಿದ್ದೂ ಅವರೇ. ಅವರು ನಲ್ಗೊಂಡ ಕಡೆಯ ತೆಲುಗಿನವರು. ನಾನು ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಮಾತಾಡುತ್ತಿದ್ದೆ. ಅವರಿಗೆ ಎಲ್ಲಾ ಅರ್ಥವಾಗುತ್ತಿತ್ತು.

"ನೆರಳು ಬೇಕಮ್ಮಾ, ಇಲ್ಲದಿದ್ದರೆ ಇಲ್ಲಿ ಬದುಕೋದಕ್ಕೆ ಆಗಲ್ಲ" ಎಂದು ಅವರೇ ಒಂದು ಭಾನುವಾರ ನನ್ನನ್ನು ನರ್ಸರಿಗೆ ಕರೆದುಕೊಂಡು ಹೋದರು. ನಮ್ಮಿಬ್ಬರಿಗೂ ಅವಸರವಿತ್ತು. ಬೇಗ ಬೆಳೆಯುವ ಮರ ಯಾವುದು ಎಂದು ಕೇಳಿದ್ದಕ್ಕೆ ನರ್ಸರಿಯವನು ಎರಡು ಸಸಿಗಳನ್ನು ಎತ್ತಿ ನಮ್ಮ ಮುಂದಿಟ್ಟ. ಒಂದು ಕೋನೋಕಾರ್ಪಸ್. ನೆಟ್ಟಗೆ, ಒತ್ತೊತ್ತಾಗಿ, ಹನ್ನೆರಡು ತಿಂಗಳೂ ಹಸಿರಾಗಿ ನಿಲ್ಲುತ್ತದೆ, ಕತ್ತರಿ ಹಾಕಿದರೆ ಗೋಡೆಯಾಗುತ್ತದೆ, ಕಸ ಬೀಳುವುದಿಲ್ಲ ಎಂದ. ಇನ್ನೊಂದು ಗುಲ್‌ಮೊಹರ್. ಛತ್ರಿಯ ಹಾಗೆ ಹರಡುತ್ತದೆ, ಬೇಸಿಗೆಯಲ್ಲಿ ಮೈತುಂಬ ಕೆಂಪು ಹೂ ಬಿಡುತ್ತದೆ, ಆದರೆ ಚಳಿಗಾಲ ಮುಗಿಯುತ್ತಿದ್ದಂತೆ ಬೋಳಾಗಿ ನಿಲ್ಲುತ್ತದೆ ಎಂದ. ಎರಡೂ ಮೂರು ವರ್ಷಕ್ಕೆ ನಿಮ್ಮ ಮನೆಗಿಂತ ಎತ್ತರ ಎಂದು ಮಾತು ಕೊಟ್ಟ.

ಉಸ್ತಾದರು ಕೋನೋಕಾರ್ಪಸ್ ಎತ್ತಿಕೊಂಡರು. ಅವರಿಗೆ ಕಾರಣವಿತ್ತು. ನಾನು ಅಕ್ಕ ಎಂದು ಕರೆಯುತ್ತಿದ್ದ ಅವರ ಹೆಂಡತಿಗೆ ಮಂಡಿಯ ಆಪರೇಷನ್ ಆಗಿ ಅದು ಸರಿಹೋಗಿರಲಿಲ್ಲ. ಸಿಮೆಂಟ್ ಶೀಟು ಹೊದಿಸಿದ ಮುಂದಿನ ಕೋಣೆಯ ಕಿಟಕಿ ಬಳಿ ಮಂಚ ಹಾಕಿಕೊಂಡು ದಿನವಿಡೀ ಮಲಗಿರುತ್ತಿದ್ದರು. ಅವರಿಗೆ ವರ್ಷವಿಡೀ ಮರೆ ಬೇಕಿತ್ತು. ನನಗೆ ಹೂ ಬೇಕಿತ್ತು. ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ.

ಮರಗಳು ನರ್ಸರಿಯವನ ಮಾತು ಉಳಿಸಿದವು. ಪ್ರತಿ ಉಗಾದಿಗೆ ಉಸ್ತಾದರು ಫ್ಯಾಕ್ಟರಿಯಿಂದ ತಂದಿಟ್ಟುಕೊಂಡಿದ್ದ ಸ್ಟೀಲ್ ಟೇಪು ಹಿಡಿದು ಎರಡನ್ನೂ ಅಳೆಯುತ್ತಿದ್ದರು. ಮೊದಲ ಎರಡು ವರ್ಷ ಅವರದೇ ಮುಂದೆ. ಮೂರನೆಯ ವರ್ಷ ನನ್ನದು ಅಗಲಕ್ಕೆ ಹೋಯಿತು. ಅವರ ಕೋನೋಕಾರ್ಪಸ್ ಪಹರೆಯವನ ಹಾಗೆ ಸೆಟೆದು ನಿಂತಿತ್ತು, ಒಂದೆಲೆಯೂ ಆಚೀಚೆ ಇಲ್ಲ, ಹಕ್ಕಿ ಕೂತದ್ದು ನಾನು ನೋಡಿದ್ದು ಕಡಿಮೆ. ನನ್ನದು ಮೈಚೆಲ್ಲಿಕೊಂಡು ಬೆಳೆಯಿತು. ಅದರ ಚೂರು ಚೂರು ಎಲೆಗಳು ಮಾಳಿಗೆಯ ನೀರು ಹೋಗುವ ತೂತು ಮುಚ್ಚುತ್ತಿದ್ದವು. ಬೇರುಗಳು ನೆಲದ ಮೇಲೆಯೇ ಹರಿದು ಅಂಗಳದ ಕಡಪಾ ಕಲ್ಲುಗಳನ್ನು ಎಬ್ಬಿಸಿದವು. ಒಂದು ದಪ್ಪನೆಯ ಕೊಂಬೆ ನಡುಗೋಡೆ ದಾಟಿ ಉಸ್ತಾದರ ಸಿಮೆಂಟ್ ಶೀಟಿನ ಮೇಲೆ ಬಾಗಿತು. ಏಪ್ರಿಲ್‌ನಲ್ಲಿ ಹೂ ಬಿಟ್ಟಾಗ ದಾರಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಆಗ ನನಗೆ ಬೇರೇನೂ ಕಾಣುತ್ತಿರಲಿಲ್ಲ.

"ಈ ಕೊಂಬೆ ತೆಗೆಸಮ್ಮಾ. ಗುಲ್‌ಮೊಹರ್ ಕಟ್ಟಿಗೆ ಹಗುರ, ಕವಲು ಬಿಡೋ ಜಾಗದಲ್ಲಿ ಬಲ ಇರಲ್ಲ" ಎಂದು ಉಸ್ತಾದರು ಎರಡು ಚಳಿಗಾಲ ಹೇಳಿದರು. ಮಾಡಿಸೋಣ ಎಂದೆ. ಮಾಡಿಸಲಿಲ್ಲ.

ಐದನೆಯ ಚಳಿಗಾಲದಲ್ಲಿ ನನ್ನ ಗಂಡನಿಗೆ ಕೆಮ್ಮು ಶುರುವಾಯಿತು.

ಒಣ ಕೆಮ್ಮು. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ ಹಿಡಿದರೆ ಬಚ್ಚಲಿನ ಗೋಡೆಗೆ ಕೈಯೂರಿ ನಿಲ್ಲುತ್ತಿದ್ದರು. ಹತ್ತಿರದ ಕ್ಲಿನಿಕ್ಕಿನವರು ಒಂದು ಸಿರಪ್ ಬರೆದುಕೊಟ್ಟು, ಅಲರ್ಜಿ ಇರಬಹುದು ಎಂದರು. ಅವರು 'ಇರಬಹುದು' ಎಂದಿದ್ದನ್ನು ನಾನು ಮನೆಗೆ ಬರುವಷ್ಟರಲ್ಲಿ 'ಇದೆ' ಮಾಡಿಕೊಂಡಿದ್ದೆ. ನಾನು ಬೇಗಂಪೇಟೆಯ ಒಂದು ಲ್ಯಾಬಿನಲ್ಲಿ ಟೆಕ್ನೀಷಿಯನ್. ದಿನವಿಡೀ ಬೇರೆಯವರ ರಕ್ತ ತೆಗೆದು, ಪರೀಕ್ಷೆಯಾಗದೆ ಏನೂ ಹೇಳಲು ಬರುವುದಿಲ್ಲ ಎಂದು ಅವರಿಗೆ ಹೇಳುವುದು ನನ್ನ ಕೆಲಸ.

ಆ ದಿನಗಳಲ್ಲೇ ಪೇಪರಿನಲ್ಲಿ, ಫೋನಿನಲ್ಲಿ ಎಲ್ಲಾ ಕಡೆ ಕೋನೋಕಾರ್ಪಸ್ ಮಾತು. ಅದರ ಪರಾಗದಿಂದ ಉಬ್ಬಸ ಬರುತ್ತದೆ, ಬೇರು ಪೈಪು ಒಡೆಯುತ್ತದೆ, ಸರ್ಕಾರದ ನರ್ಸರಿಗಳಲ್ಲಿ ಇನ್ನು ಬೆಳೆಸುವುದಿಲ್ಲವಂತೆ. ನಾನು ಮಾಳಿಗೆಗೆ ಹೋಗಿ ನೋಡಿದೆ. ಉಸ್ತಾದರ ಮರದ ತುದಿಯಲ್ಲಿ ಸಣ್ಣ ಸಣ್ಣ ಹಸಿರು ಗುಂಡುಗಳ ಹಾಗೆ ಹೂ ಬಿಟ್ಟಿತ್ತು. ಅದು ನಮ್ಮ ಮಲಗುವ ಕೋಣೆಯ ಕಿಟಕಿಗೆ ನೇರವಾಗಿತ್ತು. ನನಗೆ ಉತ್ತರ ಸಿಕ್ಕಂತಾಯಿತು.

ಇನ್ನೊಂದು ಉತ್ತರ ಮನೆಯೊಳಗೇ ಇತ್ತು. ನನ್ನ ಗಂಡನ ಅಂಗಿಗಳನ್ನು ನಾನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದೆ. ನೆನೆಸುವ ಮೊದಲು ಹೊರಗೆ ಒಯ್ದು ಝಾಡಿಸಬೇಕಿತ್ತು. ಜೇಬಿನಿಂದ, ಕಾಲರಿನ ಮಡಿಕೆಯಿಂದ ಬೂದಿ ಬಣ್ಣದ ನುಣ್ಣನೆಯ ಪುಡಿ ಬೀಳುತ್ತಿತ್ತು. ಎರಕದ ಅಚ್ಚು ಮಾಡುವ ಮರಳು ಅದು. ವರ್ಷಗಟ್ಟಲೆ ಝಾಡಿಸಿದ್ದೆ. ಆ ಪುಡಿ ಅಂಗಿಯಲ್ಲಿ ಇಷ್ಟಿದ್ದರೆ ಎದೆಯಲ್ಲಿ ಎಷ್ಟಿರಬಹುದು ಎಂದು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಮುಂದಿನ ಪ್ರಶ್ನೆ ಕೆಲಸದ್ದು. ಮಗಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಮರವಾದರೆ ಕಡಿಯಬಹುದಿತ್ತು.

ಒಂದು ಬೆಳಿಗ್ಗೆ ಉಸ್ತಾದರು ನಡುಗೋಡೆಯ ಆಚೆ ಪೈಪಿನಿಂದ ನೀರು ಬಿಡುತ್ತಿದ್ದಾಗ ಹೋಗಿ ನಿಂತೆ.

"ಉಸ್ತಾದ್, ಆ ಮರ ತೆಗೆಸಿಬಿಡಿ."

ಅವರು ಪೈಪು ಕೆಳಗಿಟ್ಟರು. "ಯಾಕಮ್ಮಾ?"

"ಅವರ ಕೆಮ್ಮು ಕೇಳಿಸುತ್ತಲ್ಲ ನಿಮಗೆ."

"ಕೇಳಿಸ್ತದೆ."

"ಅದರ ಹೂವಿನ ಪುಡಿಯಿಂದ."

"ಡಾಕ್ಟರು ಹೇಳಿದರಾ?"

"ಪೇಪರಿನಲ್ಲಿ ಬಂದಿದೆ."

"ಪೇಪರಿನವರು ಅವನ ಎದೆ ನೋಡಿದ್ದಾರಾ?" ಅವರ ದನಿ ಏರಿರಲಿಲ್ಲ. "ಆಸ್ಪತ್ರೆಗೆ ಕರೆದುಕೊಂಡು ಹೋಗು. ಸರಿಯಾಗಿ ನೋಡಿಸು. ಅಲ್ಲಿ ಮರ ಅಂತ ಹೇಳಿದರೆ ನಾಳೆಯೇ ಕಡಿಸ್ತೀನಿ."

ನನಗೆ ಸಿಟ್ಟು ಬಂತು. ನಾನು ಕೇಳಲು ಬಯಸದ ಮಾತನ್ನೇ ಅವರು ಸರಿಯಾಗಿ ಹೇಳಿದ್ದರು ಎನ್ನುವುದು ಆಗ ಹೊಳೆಯಲಿಲ್ಲ. "ಅಕ್ಕನಿಗೆ ನೆರಳು ಬೇಕು ಅಂತ ನನ್ನ ಗಂಡ ಕೆಮ್ಮಿ ಸಾಯಬೇಕಾ?" ಎಂದುಬಿಟ್ಟೆ. ಕಿಟಕಿಯೊಳಗೆ ಅಕ್ಕ ಎಚ್ಚರವಾಗಿದ್ದರು. ಮಂಚ ಕಿರುಗುಟ್ಟಿದ್ದು ಕೇಳಿಸಿತು.

ಸಂಜೆ ನನ್ನ ಗಂಡನಿಗೆ ವಿಷಯ ತಿಳಿಯಿತು.

"ನೀ ಆ ಮಾತು ಆಡಬಾರದಿತ್ತು" ಎಂದರು.

"ಮತ್ತ ಯಾರು ಆಡಬೇಕ್ರಿ? ನೀವಂತೂ ಬಾಯಿ ಬಿಡಂಗಿಲ್ಲ."

"ಅವರು ನನಗ ಕೆಲಸ ಕಲಿಸ್ಯಾರ."

"ಕೆಲಸ ಕಲಿಸಿದ್ರ ಎದಿ ಹಾಳು ಮಾಡಬಹುದೇನು?"

ಅವರು ನನ್ನನ್ನೇ ನೋಡಿದರು, ನನಗೆ ಏನೋ ಗೊತ್ತಾಗಿದೆಯೇನೋ ಎನ್ನುವ ಹಾಗೆ. ಆಮೇಲೆ ತಟ್ಟೆ ಸರಿಸಿ ಎದ್ದರು. "ಗಿಡದ ಸುದ್ದಿ ಬಿಡು. ನನಗ ಆರಾಮ ಐತಿ."

ಆರಾಮ ಇರಲಿಲ್ಲ. ಮಾಳಿಗೆಯ ಹದಿನಾಲ್ಕು ಮೆಟ್ಟಿಲಿಗೆ ನಡುವೆ ಒಮ್ಮೆ ನಿಲ್ಲುತ್ತಿದ್ದರು. ನಿಂತದ್ದು ನನಗೆ ಕಾಣಬಾರದೆಂದು ಗುಲ್‌ಮೊಹರ್ ಎಲೆ ಗುಡಿಸುವವರ ಹಾಗೆ ಬಗ್ಗುತ್ತಿದ್ದರು.

ಎರಡು ಮನೆಗಳ ನಡುವೆ ಮಾತು ನಿಂತಿತು. ಮೊದಲು ಸಾರು, ಉಪ್ಪಿನಕಾಯಿ ಓಡಾಡುತ್ತಿದ್ದ ನಡುಗೋಡೆಯ ಮೇಲೆ ನಾನು ಒಗೆದ ಚಾಪೆ ಒಣಹಾಕಲು ಶುರು ಮಾಡಿದೆ. ಉಸ್ತಾದರು ಮಾತ್ರ ಬೆಳಿಗ್ಗೆ ನನ್ನ ಗಂಡ ಟಿಫಿನ್ ಡಬ್ಬಿ ಹಿಡಿದು ಹೊರಡುವ ಹೊತ್ತಿಗೆ ಗೇಟಿಗೆ ಬಂದು ನಿಲ್ಲುತ್ತಿದ್ದರು. ಇಬ್ಬರೂ ಏನೋ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ನಾನು ಬಂದರೆ ಸುಮ್ಮನಾಗುತ್ತಿದ್ದರು. ನನ್ನ ಮೇಲಿನ ದೂರು ಎಂದುಕೊಂಡೆ.

ಜನವರಿಯಲ್ಲಿ ಬಚ್ಚಲಿನ ನೀರು ಹಿಂದಕ್ಕೆ ಬರತೊಡಗಿತು. ಎರಡೂ ಮನೆಗಳ ನೀರು ಹೋಗುವುದು ಮುಂದಿನ ಜಾಗದ ಅಡಿಯಲ್ಲಿದ್ದ ಒಂದೇ ಪೈಪಿನಲ್ಲಿ. ಪ್ಲಂಬರ್ ಬಂದು ಅಗೆದ. ಪೈಪಿನ ಬಾಯಿಗೆ ಕೊಕ್ಕೆ ಹಾಕಿ ಎಳೆದರೆ ಬಂದದ್ದು ಬೇರಿನ ಹುರಿ, ಹೆಂಗಸರ ಜಡೆಯಷ್ಟು ದಪ್ಪ, ಮೊಳಗಟ್ಟಲೆ ಉದ್ದ, ಕೊಳೆತ ವಾಸನೆ. ಬೀದಿಯ ನಾಲ್ಕು ಜನ ಸೇರಿದರು. "ನೋಡಿ, ಪೇಪರಿನಲ್ಲಿ ಬಂದಿದ್ದು ಸುಳ್ಳಾ" ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಉಸ್ತಾದರು ಆ ಗಬ್ಬಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಬೇರುಗಳನ್ನು ಬಿಡಿಸಿ ತೊಳೆದು, ಉಗುರಿನಿಂದ ಸಿಪ್ಪೆ ಕೆರೆದು ನೋಡಿ, ಎರಡು ಗುಡ್ಡೆ ಮಾಡಿದರು. ಒಂದು ದೊಡ್ಡದು, ಒಂದು ಸ್ವಲ್ಪ ಸಣ್ಣದು.

"ಇದು ನನ್ನದು" ಎಂದು ದೊಡ್ಡದನ್ನು ತೋರಿಸಿದರು. "ಇದು ನಿನ್ನದು."

ನಾನು ಎರಡನೆಯ ಗುಡ್ಡೆಯ ಕಡೆ ನೋಡಲಿಲ್ಲ. ಅವರು ಕೈ ತೊಳೆದುಕೊಂಡು ನನ್ನ ಗಂಡನ ಮುಖ ನೋಡಿದರು. ಇವರು ಬಾಗಿಲಲ್ಲಿ ನಿಂತು, ಕೆಮ್ಮು ತಡೆಯಲು ಟವೆಲ್ಲು ಬಾಯಿಗೆ ಒತ್ತಿಕೊಂಡಿದ್ದರು. ಉಸ್ತಾದರು "ಸರಿ, ಕಡಿಸ್ತೀನಿ" ಎಂದರು.

ಮಾರನೆಯ ವಾರ ಮೂವರು ಬಂದು ಗರಗಸ ಹಚ್ಚಿದರು. ಐದು ವರ್ಷ ಬೆಳೆದದ್ದು ಊಟದ ಹೊತ್ತಿಗೆ ಮುಗಿಯಿತು. ನಾನು ಲ್ಯಾಬಿಗೆ ರಜೆ ಹಾಕಿ ಮಾಳಿಗೆಯ ಮೇಲಿಂದ ನೋಡಿದೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ಬಂದು ಅಕ್ಕನ ಕಿಟಕಿಯ ಮೇಲೆ ಬಿತ್ತು. ಒಳಗಿನಿಂದ ಒಂದು ಕೈ ಹೊರಬಂದು, ಹಳೆಯ ಸೀರೆಯೊಂದನ್ನು ಸರಳುಗಳಿಗೆ ಸಿಕ್ಕಿಸಲು ಪ್ರಯತ್ನಿಸಿತು. ಎರಡು ಸಲ ಜಾರಿತು. ನಾನು ಇಳಿದು ಹೋಗಿ ಕಟ್ಟಿಕೊಡಬಹುದಿತ್ತು. ಹೋಗಲಿಲ್ಲ.

ಫೆಬ್ರವರಿ ಬಂತು, ಕೆಮ್ಮು ಹೋಗಲಿಲ್ಲ. ಮಾರ್ಚ್ ಬಂತು. ಈಗ ಕಿಟಕಿಯಾಚೆ ಹೂವೂ ಇಲ್ಲ ಪರಾಗವೂ ಇಲ್ಲ, ಒಂದು ಮೋಟು ಮಾತ್ರ. ನನ್ನ ಗಂಡ ಎರಡು ದಿಂಬು ಇಟ್ಟುಕೊಂಡು ಮಲಗಲು ಶುರು ಮಾಡಿದರು. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಕೊರೆದರು. ನಾನು ಒಳಗೊಳಗೇ ಹೆದರಿದ್ದೆ. ಹೆದರಿದಷ್ಟೂ ಬಾಯಿ ಗಟ್ಟಿ ಮಾಡಿದೆ. "ಒಂದೇ ಸಲಕ್ಕ ಹೋಗಂಗಿಲ್ಲ, ಎದ್ಯಾಗ ಕೂತದ್ದು ಇಳೀಬೇಕಲ್ಲ" ಎಂದು ಅವರಿಗೂ ನನಗೂ ಹೇಳಿಕೊಂಡೆ.

ಗುಲ್‌ಮೊಹರ್ ಬೋಳಾಗಿ ನಿಂತಿತ್ತು. ಕೊಂಬೆ ತೆಗೆಯಲು ಅದೇ ಸರಿಯಾದ ಹೊತ್ತು ಎಂದು ಉಸ್ತಾದರು ನನ್ನ ಗಂಡನ ಕೈಲಿ ಹೇಳಿಕಳಿಸಿದರು. ಅವರ ಮರ ಹೋದಮೇಲೆ ನನ್ನ ಮರಕ್ಕೆ ಕೈಹಚ್ಚಿದರೆ ಸೋತ ಹಾಗೆ ಎನಿಸಿತು ನನಗೆ. ಮೊಗ್ಗು ಬರುವ ಸಮಯ, ಈ ವರ್ಷದ ಹೂ ಮುಗಿಯಲಿ ಎಂದೆ.

ಏಪ್ರಿಲ್ ಕೊನೆಯ ಭಾನುವಾರ. ಸಂಜೆ ನಾಲ್ಕರ ಸುಮಾರು. ಮರ ಪೂರ್ತಿ ಕೆಂಪಾಗಿತ್ತು. ಪಶ್ಚಿಮದಲ್ಲಿ ಮೋಡ ಕಟ್ಟಿ, ಮಣ್ಣಿನ ಬಣ್ಣದ ಗಾಳಿ ಎದ್ದಿತು. ಒಣಗಿದ ಬಟ್ಟೆ ತೆಗೆಯಲು ನಾನು ಮಾಳಿಗೆಗೆ ಓಡಿದೆ. ಕೊನೆಯ ಸೀರೆ ಎಳೆಯುತ್ತಿದ್ದಾಗ ನನ್ನ ಕಣ್ಣ ಮುಂದೆಯೇ ಆ ಕೊಂಬೆ ಮೇಲೆ ಎದ್ದಿತು, ಕೆಳಗೆ ಬಂತು, ಮತ್ತೆ ಎದ್ದಿತು. ಕವಲಿನ ಬುಡದಲ್ಲಿ ಬಟ್ಟೆ ಸೀಳಿದ ಹಾಗೆ ಶಬ್ದ. ಆಮೇಲೆ ಕೊಂಬೆ ಅಲ್ಲಿರಲಿಲ್ಲ. ಸಿಮೆಂಟ್ ಶೀಟು ಒಡೆದ ಸದ್ದು ಗಾಳಿಗಿಂತ ಜೋರಾಗಿತ್ತು.

ನಾನು ಕೆಳಗಿಳಿಯುವಷ್ಟರಲ್ಲಿ ನನ್ನ ಗಂಡ ನಡುಗೋಡೆ ಹಾರಿದ್ದರು. ಉಸ್ತಾದರು ಹಾಲು ತರಲು ಹೋಗಿದ್ದರು, ಒಳಗೆ ಅಕ್ಕ ಒಬ್ಬರೇ. ಬಾಗಿಲು ತೆರೆದೇ ಇತ್ತು. ಕೋಣೆಯ ತುಂಬ ಬಿಳಿ ದೂಳು. ಮಾಡಿನ ನಡುವೆ ದೊಡ್ಡ ತೂತು, ಅದರಿಂದ ಇಳಿದ ಕೊಂಬೆಯ ಬುಡ ಮಂಚದ ಕಾಲಿನ ಕಡೆ ಊರಿಕೊಂಡಿತ್ತು. ಹಾಸಿಗೆಯ ಮೇಲೆಲ್ಲ ಶೀಟಿನ ಚೂರು, ಕೆಂಪು ಹೂ. ಅಕ್ಕ ಕಾಣಲಿಲ್ಲ.

"ಅಕ್ಕಾ" ಎಂದೆ. ಇನ್ನೊಮ್ಮೆ ಕರೆದೆ.

"ಇಲ್ಲಿದ್ದೀನಿ" ಎಂದಿತು ಗೋಡೆಯ ಕಡೆಯಿಂದ. ಮೊದಲ ಬಿರುಕಿನ ಸದ್ದಿಗೇ ಅವರು ಗೋಡೆ ಬದಿಗೆ ಉರುಳಿ, ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದರು. ಎಡಗಾಲು ಮಂಚದ ಪಟ್ಟಿಯ ಅಡಿ ಸಿಕ್ಕಿತ್ತು, ಕೊಂಬೆಯ ಭಾರವೆಲ್ಲ ಅದೇ ಪಟ್ಟಿಯ ಮೇಲೆ.

ನನ್ನ ಗಂಡ ಕೊಂಬೆಗೆ ಹೆಗಲು ಕೊಟ್ಟರು. "ನಾ ಎತ್ತತೀನಿ, ನೀ ಎಳಿ" ಎಂದರು. ಒಂದು ಸಲ ಆಗಲಿಲ್ಲ. ಎರಡನೆಯ ಸಲ ಮಂಚ ಎರಡು ಬೆರಳಷ್ಟು ಮೇಲೆದ್ದಿತು. ನಾನು ಅಕ್ಕನ ಎರಡೂ ಕಂಕುಳಲ್ಲಿ ಕೈಹಾಕಿ ಎಳೆದೆ. ಪಾದದಿಂದ ರಕ್ತ ಬರುತ್ತಿತ್ತು, ಆದರೆ ಕಾಲು ಬಂತು. ನಾನು ಅವರನ್ನು ಹೊಸಿಲಿಗೆ ಒರಗಿಸಿ ತಿರುಗಿ ನೋಡಿದರೆ, ನನ್ನ ಗಂಡ ಕೊಂಬೆ ಬಿಟ್ಟು ಮೊಣಕಾಲ ಮೇಲೆ ಕೂತಿದ್ದರು. ಬಾಯಿ ತೆರೆದಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ. ಕುತ್ತಿಗೆಯ ನರಗಳು ಎದ್ದು ನಿಂತಿದ್ದವು. ನಾನು ಕೈ ಹಿಡಿದು ಉಗುರು ನೋಡಿದೆ, ಅದು ಅಭ್ಯಾಸ. ನೀಲಿಗಟ್ಟಿದ್ದವು.

ಉಸ್ತಾದರು ಹಾಲಿನ ಪಾಕೀಟು ಹಿಡಿದುಕೊಂಡೇ ಓಡಿಬಂದರು. ಹೆಂಡತಿಯನ್ನು ನೋಡಿದರು, ಇವರನ್ನು ನೋಡಿದರು. ಅಕ್ಕ ಅವರನ್ನು ಹತ್ತಿರ ಬರಗೊಡಲಿಲ್ಲ. "ನನಗೇನೂ ಆಗಿಲ್ಲ, ಹುಡುಗನನ್ನು ಕರೆದುಕೊಂಡು ಹೋಗಿ" ಎಂದರು. ನಲವತ್ತು ದಾಟಿದ ನನ್ನ ಗಂಡ ಅವರಿಗೆ ಹುಡುಗನೇ. ಅಕ್ಕನ ಬಳಿ ಮಗಳನ್ನು ಬಿಟ್ಟು, ಎದುರು ಮನೆಯವರಿಗೆ ಹೇಳಿ, ನಾವು ಆಟೋ ಹತ್ತಿದೆವು. ನಡುವೆ ನನ್ನ ಗಂಡ, ಆ ಕಡೆ ಉಸ್ತಾದರು, ಈ ಕಡೆ ನಾನು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಉಸ್ತಾದರು ಅವರ ಬೆನ್ನು ನೀವುತ್ತ, "ನಿಧಾನ, ನಿಧಾನ, ಮೂಗಿನಿಂದ ತಗೋ" ಎನ್ನುತ್ತಿದ್ದರು. ದಾರಿಯುದ್ದಕ್ಕೂ ನಾನು ಎಣಿಸಿದ್ದು ಅವರ ಉಸಿರನ್ನು ಮಾತ್ರ.

ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಕೇಳಿದ ಮೊದಲ ಪ್ರಶ್ನೆ, "ಇವರು ಏನು ಕೆಲಸ ಮಾಡುತ್ತಾರೆ?"

ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು ಹೇಳಿದರು. "ಫೌಂಡ್ರಿ. ಹನ್ನೊಂದು ವರ್ಷ. ಮರಳಿನ ಸೆಕ್ಷನ್ನಿನಲ್ಲಿ ಏಳು."

ಮರುದಿನ ಎಕ್ಸ್‌ರೇ ಬಂತು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಕಡೆ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಮರಳಿನ ನುಣ್ಣನೆಯ ದೂಳು ಕೂತು ಆದ ಗಾಯ, ಅದು ಮಾಯುವುದಿಲ್ಲ, ದೂಳಿನಿಂದ ದೂರವಿದ್ದರೆ ಹೆಚ್ಚಾಗದೆ ಇರಬಹುದು ಎಂದರು.

"ಮರದ ಪರಾಗದಿಂದ ಆಗಿರಬಹುದಾ?" ಎಂದು ನಾನು ಕೇಳಿದೆ. ಆಗಲೂ ಕೇಳಿದೆ.

"ಪರಾಗದಿಂದ ಕೆಲವರಿಗೆ ಸೀನು, ಉಬ್ಬಸ ಬರುತ್ತದೆ. ಎಕ್ಸ್‌ರೇಯಲ್ಲಿ ಹೀಗೆ ಕಾಣುವುದಿಲ್ಲ" ಎಂದರು ಅವರು.

ಹೊರಗೆ ಬೆಂಚಿನ ಮೇಲೆ ಉಸ್ತಾದರು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವರು ನೆಲ ನೋಡುತ್ತ ಹೇಳಿದರು, "ಅವನನ್ನು ಆ ಸೆಕ್ಷನ್ನಿಗೆ ಹಾಕಿದ್ದು ನಾನೇ. ಕೈ ಸೂಕ್ಷ್ಮ ಅವನದು, ಅಚ್ಚು ಚೆನ್ನಾಗಿ ಮಾಡ್ತಿದ್ದ. ಸಂಬಳ ಹೆಚ್ಚು ಬರ್ತದೆ ಅಂತ ನಾನೇ ಮಾಲೀಕರಿಗೆ ಹೇಳಿ ಹಾಕಿಸಿದೆ."

"ನಿಮಗೆ ಗೊತ್ತಿತ್ತಾ?"

"ನನ್ನ ಕಾಲದಲ್ಲಿ ಇಬ್ಬರು ಹೀಗೇ ಕೆಮ್ಮಿದರು. ಆಗ ಟಿಬಿ ಅಂದರು. ಇವನ ಕೆಮ್ಮು ಗೋಡೆಯಾಚೆಯಿಂದ ಕೇಳಿದ ದಿನ ನನಗೆ ಅದೇ ದನಿ ಅನಿಸಿತು. ದಿನಾ ಗೇಟಿನಲ್ಲಿ ನಿಂತು ಹೇಳ್ತಿದ್ದೆ, ಆಸ್ಪತ್ರೆಗೆ ಹೋಗು, ಆ ಕೆಲಸ ಬಿಡು ಅಂತ. ನಿನಗೆ ಹೇಳಬೇಡಿ ಅಂತ ಕೈ ಹಿಡಿದ."

"ಹಾಗಾದರೆ ಮರ ಯಾಕೆ ಕಡಿಸಿದಿರಿ?"

"ನಿನ್ನ ಮಾತೇ ನಿಜ ಆಗಲಿ ಅಂತ" ಎಂದರು. "ಮರದಿಂದಲೇ ಆಗಿದ್ದರೆ ನನ್ನಿಂದ ಆಗಿಲ್ಲ ಅಂತ ಆಗ್ತಿತ್ತಲ್ಲಮ್ಮಾ."

ಆ ಕ್ಷಣದಲ್ಲಿ ನಾನು ಅವರನ್ನು ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಅಲ್ಲಿಂದ ಎದ್ದು ಬೇರೆ ಬೆಂಚಿಗೆ ಹೋದೆ. ಆದರೆ ಅಲ್ಲಿ ಕೂತಮೇಲೆ, ಅವರು ಬಯಸಿದ್ದನ್ನೇ ನಾನೂ ಅಷ್ಟೇ ಗಟ್ಟಿಯಾಗಿ ಬಯಸಿದ್ದೆ ಎನ್ನುವುದು ನನ್ನನ್ನು ಬಿಡಲಿಲ್ಲ. ಅವರು ತಮ್ಮ ಮರ ಕೊಟ್ಟು ಬಯಸಿದ್ದರು. ನಾನು ಅವರ ಮರ ಕೇಳಿ ಬಯಸಿದ್ದೆ. ಬಾಟಲಿ ನೀರು ತರಲು ಹೋದವಳು ಎರಡು ಚಹಾ ತಂದೆ.

ನನ್ನ ಗಂಡ ಮಾತಾಡುವಂತಾದಾಗ ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ಹೇಳಿದ್ರ ನೀ ಕೆಲಸ ಬಿಡಿಸ್ತಿದ್ದಿ" ಎಂದರು. "ಬಿಟ್ಟು ಏನ ಮಾಡ್ಲಿ? ನನಗ ಅದೊಂದೇ ಭಾಳ ಚಂದ ಬರತೈತಿ."

ನಾನು ಅವರ ಕೈ ಹಿಡಿದು ಮತ್ತೆ ಉಗುರು ನೋಡಿದೆ.

ಆಸ್ಪತ್ರೆಯಿಂದ ಬಂದ ಮೇಲೆ ಉಸ್ತಾದರು ಎಕ್ಸ್‌ರೇ ಲಕೋಟೆ ಹಿಡಿದು ಫೌಂಡ್ರಿಗೆ ಹೋದರು. ಮಾಲೀಕರ ಮುಂದೆ ಏನು ಮಾತಾಯಿತೋ, ಹೊರಗೆ ನಿಂತಿದ್ದವರಿಗೂ ಕೇಳಿಸಿತಂತೆ. ಆ ಸೆಕ್ಷನ್ನಿನ ಉಳಿದ ನಾಲ್ವರ ಎದೆಯನ್ನೂ ಪರೀಕ್ಷೆ ಮಾಡಿಸಿದರು. ಒಬ್ಬನಿಗೆ ಇವರ ಹಾಗೇ ಶುರುವಾಗಿತ್ತು. ನನ್ನ ಗಂಡನನ್ನು ಮಾಲು ಕಳಿಸುವ ವಿಭಾಗಕ್ಕೆ ಹಾಕಿದರು, ಅಲ್ಲಿಯೂ ದೂಳು ಬಿಡಲಿಲ್ಲ. ಆರು ತಿಂಗಳಿಗೆ ಅದನ್ನು ಬಿಟ್ಟು ಈಗ ಬೇಗಂಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಾರೆ. ವಾಲ್ವು ಕೇಳಿ ಬಂದವರಿಗೆ ಅದನ್ನು ತಿರುಗಿಸಿ ತಿರುಗಿಸಿ, ಎರಕ ಚೆನ್ನಾಗಿದೆಯೋ ಇಲ್ಲವೋ ಹೇಳುತ್ತಾರೆ.

ಅಕ್ಕನ ಪಾದಕ್ಕೆ ಹೊಲಿಗೆ ಬಿತ್ತು, ಎರಡು ಬೆರಳು ಮುರಿದಿದ್ದವು. ನಾನು ಹೋಗಿ ಕಾಲು ಹಿಡಿದೆ. ಅವರು ಆ ಮಾತಿಗೇ ಬರಲಿಲ್ಲ, ಔಷಧಿ ಹಚ್ಚುವಾಗ ಉರಿಯುತ್ತದೆ, ನಿಧಾನ ಎಂದರು ಅಷ್ಟೇ.

ಉಳಿದ ಗುಲ್‌ಮೊಹರ್ ಅನ್ನು ಬುಡಸಮೇತ ತೆಗೆಸಲು ನಾನು ಆಳುಗಳನ್ನು ಕರೆಸಿದ್ದೆ. ಅಕ್ಕ ಕಿಟಕಿಯಿಂದಲೇ ತಡೆದರು. "ಅದನ್ನೂ ಕಡಿದರೆ ನಾನು ಎಲ್ಲಿ ಮಲಗಲಿ?" ಎಂದರು. ಉಸ್ತಾದರು ಕೆಳಗೆ ನಿಂತು ಹೇಳಿದ ಹಾಗೆ ಕೊಂಬೆ ಕಡಿಸಿದೆವು. ಅವರ ಮಾಡಿನ ಮೇಲೆ ಬಂದದ್ದೆಲ್ಲ ಹೋಯಿತು, ಎತ್ತರ ಮೂರರಲ್ಲಿ ಒಂದು ಪಾಲು ಇಳಿಯಿತು. ಈಗ ಅದು ನೋಡಲು ಚೆಂದವಿಲ್ಲ. ಒಂದು ಕಡೆಗೆ ವಾಲಿದಂತೆ ಕಾಣುತ್ತದೆ, ಹೂ ಕೂಡ ಅರ್ಧ. ನೆರಳು ಸಾಲದ್ದಕ್ಕೆ ಮಾರ್ಚ್ ಬಂದ ಕೂಡಲೆ ನಾನು ಅಕ್ಕನ ಕಿಟಕಿಗೆ ಹಸಿರು ಬಲೆ ಕಟ್ಟುತ್ತೇನೆ.

ಹೋದ ವರ್ಷ ನಮ್ಮ ಬೀದಿಗೆ ಮೈಸೂರಿನ ಒಬ್ಬಳು ಬಾಡಿಗೆಗೆ ಬಂದಳು, ಮಾದಾಪುರದಲ್ಲಿ ಕೆಲಸ. ಮನೆ ಮುಂದೆ ಬೇಗ ಬೆಳೆಯುವ ಮರ ಯಾವುದು ಹಾಕಲಿ ಆಂಟಿ ಎಂದು ಕೇಳಿದಳು. ನನಗೆ ಗೊತ್ತಿದ್ದದ್ದೆಲ್ಲ ಹೇಳಿದೆ. ಕೋನೋಕಾರ್ಪಸ್ ನೀರಿನ ಪೈಪಿರುವ ಕಡೆ ಬೇಡ, ಅದರ ಪರಾಗ ಕೆಲವರಿಗೆ ಆಗುವುದಿಲ್ಲ, ನಿಮ್ಮ ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಖಂಡಿತ ಬೇಡ. ಗುಲ್‌ಮೊಹರ್ ಆದರೆ ಗೋಡೆಯಿಂದ ಹದಿನೈದು ಅಡಿಯಾದರೂ ಆಚೆ ಇರಲಿ, ಎಳೆಯದಿದ್ದಾಗಲೇ ಕವಲು ತಿದ್ದಬೇಕು, ಪ್ರತಿ ವರ್ಷ ಭಾರ ಇಳಿಸಬೇಕು. ಎರಡಕ್ಕೂ ಜಾಗ ಬೇಕು, ನಮ್ಮ ಬೀದಿಯಲ್ಲಿ ಯಾರಿಗೂ ಅಷ್ಟು ಜಾಗವಿಲ್ಲ. ಅವಳು ಮುಗುಳ್ನಕ್ಕು, ಕುಂಡದಲ್ಲಿ ಏನಾದರೂ ಹಾಕುತ್ತೇನೆ ಬಿಡಿ ಎಂದಳು.

ಮುಂದಿನ ವಾರ ನನ್ನ ಗಂಡನಿಗೆ ಉಸಿರಿನ ಪರೀಕ್ಷೆ ಇದೆ. ಆರು ತಿಂಗಳಿಗೊಮ್ಮೆ ಒಂದು ಕೊಳವೆಗೆ ಬಾಯಿ ಹಚ್ಚಿ ಊದಬೇಕು. ಹೋದ ಸಲ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಬಂದಿತ್ತು. ಅಂಥ ದೊಡ್ಡ ವ್ಯತ್ಯಾಸವೇನಲ್ಲ, ನೋಡೋಣ ಎಂದಿದ್ದರು ಡಾಕ್ಟರಮ್ಮ. ಉಸ್ತಾದರು ಆಗಲೇ ಎರಡು ಸಲ ಕೇಳಿದ್ದಾರೆ, ಎಷ್ಟು ಗಂಟೆಗೆ ಹೊರಡೋದು ಎಂದು. ಒಂಬತ್ತಕ್ಕೆ ಎಂದಿದ್ದೇನೆ. ಎಂಟೂವರೆಗೇ ಗೇಟಿನಲ್ಲಿ ನಿಂತಿರುತ್ತಾರೆ.